ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯೋ, ರಂಧ್ರದ ಶಸ್ತ್ರಚಿಕಿತ್ಸೆಯೋ?

(ರೋಗಿಗಳು ಮತ್ತು ಬಂಧುಗಳ ಮಾಸಿಕ ಸಭೆಯಲ್ಲಿ ಆಸ್ಪತ್ರೆಯ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸದ ಬರಹರೂಪ)

ಪೂಜ್ಯ ಶ್ರೀಗಳ ಅಪ್ಪಣೆಯಂತೆ ಪ್ರತಿ ತಿಂಗಳು ಒಂದು ಕಾಯಿಲೆಯ ಬಗ್ಗೆ ನಿಮ್ಮೊಂದಿಗೆ ಮಾತನಾಡುವ ಈ ಸಭೆಯಲ್ಲಿ ಇಂದು ನನ್ನ ಪಾಲಿಗೆ ಬಂದಿರುವುದು ಸ್ವಲ್ಪ ಕಠಿಣವಾದ ವಿಷಯ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಹೊಟ್ಟೆಯನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೋ, ಸಣ್ಣ ರಂಧ್ರಗಳ ಮೂಲಕ ಮಾಡಿಸುವುದು ಒಳ್ಳೆಯದೋ? ಈ ಪ್ರಶ್ನೆಯನ್ನು ವಾರ್ಡಿನಲ್ಲಿ ನನ್ನನ್ನು ಕೇಳುವವರು ರೋಗಿಗಳಿಗಿಂತ ಹೆಚ್ಚಾಗಿ ಅವರ ಮಕ್ಕಳು, ಅಳಿಯಂದಿರು. ಮೊಬೈಲಿನಲ್ಲಿ ಚಿತ್ರ ತೋರಿಸಿ, "ಸಿಸ್ಟರ್, ಇದು ಲೇಸರ್ ಆಪರೇಷನ್ ಅಂತ್ರೀ, ಗಾಯಾನ ಆಗಂಗಿಲ್ಲಂತ" ಎನ್ನುತ್ತಾರೆ. ಲೇಸರ್ ಎಂಬುದು ಇದರಲ್ಲಿ ಇಲ್ಲ. ಗಾಯ ಆಗುವುದಿಲ್ಲ ಎಂಬುದೂ ನಿಜವಲ್ಲ. ಗಾಯ ಒಳಗೆ ಆಗಿರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಶಸ್ತ್ರಚಿಕಿತ್ಸೆಯನ್ನು ನಮ್ಮ ಆಸ್ಪತ್ರೆಯಲ್ಲಿ ಮಾಡುವುದಿಲ್ಲ. ರೋಗವನ್ನು ಗುರುತಿಸಿ, ಕಾಗದಪತ್ರ ಸಿದ್ಧಮಾಡಿ, ದೊಡ್ಡ ಕೇಂದ್ರಗಳಿಗೆ ಕಳುಹಿಸುತ್ತೇವೆ. ಶಸ್ತ್ರಚಿಕಿತ್ಸೆಯಾಗಿ ಮರಳಿ ಬಂದವರ ಗಾಯ, ಆಹಾರ, ರಕ್ತದ ಸಕ್ಕರೆ ಇವುಗಳ ಆರೈಕೆ ನಮ್ಮದು. ಆದ್ದರಿಂದ ಎರಡರಲ್ಲಿ ಯಾವುದನ್ನೂ ಹೊಗಳಿ ಒಪ್ಪಿಸುವ ಅವಶ್ಯಕತೆ ನನಗಿಲ್ಲ. ಇಲ್ಲಿಗೆ ಬರುವ ಮೊದಲು ಒಂದು ನಗರದ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿದ್ದೆ. ಎರಡೂ ಬಗೆಯ ಶಸ್ತ್ರಚಿಕಿತ್ಸೆಯಾದವರ ಹಾಸಿಗೆಯ ಪಕ್ಕದಲ್ಲಿ ರಾತ್ರಿಪಾಳಿ ಮಾಡಿದ್ದೇನೆ.

ಈ ಗ್ರಂಥಿ ಎಲ್ಲಿದೆ ಎಂದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು, ಅಡ್ಡಲಾಗಿ ಮಲಗಿರುವ ಮೆತ್ತನೆಯ ಅಂಗ ಇದು. ಉದ್ದ ಸುಮಾರು 15 ಸೆಂಟಿಮೀಟರ್, ಶಾಲೆಯ ಮಕ್ಕಳ ಸಣ್ಣ ಸ್ಕೇಲಿನಷ್ಟು. ಬಲಬದಿಯ ದಪ್ಪ ಭಾಗಕ್ಕೆ ತಲೆ ಎನ್ನುತ್ತಾರೆ. ಸಣ್ಣ ಕರುಳಿನ ಮೊದಲ ಭಾಗ ಅದನ್ನು ಸುತ್ತಿಕೊಂಡಿರುತ್ತದೆ, ಪಿತ್ತನಾಳ ಅದರೊಳಗಿಂದಲೇ ಹಾದುಬರುತ್ತದೆ. ಎಡಬದಿಯ ಬಾಲ ಗುಲ್ಮದವರೆಗೆ, ಅಂದರೆ ನಮ್ಮವರು ತಿಲ್ಲಿ ಎನ್ನುವ ಅಂಗದವರೆಗೆ ಚಾಚಿಕೊಂಡಿದೆ. ಕುತ್ತಿಗೆಯ ಹಿಂದೆ ಕರುಳಿಗೆ ರಕ್ತ ಒಯ್ಯುವ ಮತ್ತು ತರುವ ದೊಡ್ಡ ನಾಳಗಳಿವೆ. ಊಟ ಜೀರ್ಣವಾಗುವ ರಸ, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎರಡೂ ಇಲ್ಲೇ ತಯಾರಾಗುತ್ತವೆ.

ತಲೆಯಲ್ಲಿ ಗೆಡ್ಡೆ ಬೆಳೆದರೆ ಪಿತ್ತನಾಳ ಒತ್ತಿಹೋಗಿ ಕಾಮಾಲೆ ಬರುತ್ತದೆ. ಮೂತ್ರ ಕಡುಹಳದಿ, ಮಲ ಸುಣ್ಣದಂತೆ ಬಿಳಿಚು, ಮೈಯೆಲ್ಲ ತುರಿಕೆ. ನೋವು ಮಾತ್ರ ಅನೇಕರಿಗೆ ಇರುವುದಿಲ್ಲ. ನೋವಿಲ್ಲದ ಕಾರಣಕ್ಕೇ ಕಾಮಾಲೆಯ ನಾಟಿ ಔಷಧಿ, ಪಥ್ಯ, ತಾಯಿತ ಎಂದು ಒಂದೆರಡು ತಿಂಗಳು ಹೋಗಿಬಿಡುತ್ತದೆ. ಐವತ್ತು ದಾಟಿದವರಿಗೆ ನೋವಿಲ್ಲದೆ ಕಾಮಾಲೆ ಬಂದರೆ, ಅಥವಾ ತೂಕ ಇಳಿಯುತ್ತಾ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡರೆ, ಒಂದು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ರೋಗ ಗೊತ್ತಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಯೋಗ್ಯರಾಗಿ ಉಳಿದಿರುವವರು ನೂರರಲ್ಲಿ 15ರಿಂದ 20 ಜನ ಮಾತ್ರ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರೀಕರ್ ಅವರು 2019ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ದೊಡ್ಡವರು ಚಿಕ್ಕವರು ಎಂಬ ಭೇದ ಇದಕ್ಕಿಲ್ಲ.

ಈಗ ಶಸ್ತ್ರಚಿಕಿತ್ಸೆಯ ವಿಷಯಕ್ಕೆ ಬರೋಣ. ತಲೆಯ ಭಾಗದ ಗೆಡ್ಡೆಗೆ ಮಾಡುವುದನ್ನು ವಿಪಲ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಅಮೆರಿಕದ ಅಲೆನ್ ವಿಪಲ್ ಎಂಬ ವೈದ್ಯರು 1935ರಲ್ಲಿ ಇದನ್ನು ವರದಿ ಮಾಡಿದ್ದರಿಂದ ಆ ಹೆಸರು. ಇದರಲ್ಲಿ ಗ್ರಂಥಿಯ ತಲೆ, ಅದನ್ನು ಸುತ್ತಿಕೊಂಡ ಕರುಳಿನ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ, ಕೆಲವೊಮ್ಮೆ ಜಠರದ ಸ್ವಲ್ಪ ಭಾಗ ಇಷ್ಟನ್ನೂ ತೆಗೆಯುತ್ತಾರೆ. ತೆಗೆಯುವುದು ಅರ್ಧ ಕೆಲಸ. ಉಳಿದ ಗ್ರಂಥಿಯನ್ನು, ಪಿತ್ತನಾಳವನ್ನು, ಜಠರವನ್ನು ಮತ್ತೆ ಕರುಳಿಗೆ ಜೋಡಿಸಬೇಕು. ಮೂರು ಜೋಡಣೆ. ಇವುಗಳಲ್ಲಿ ಗ್ರಂಥಿಯ ಜೋಡಣೆಯೇ ಎಲ್ಲರನ್ನೂ ಹೆದರಿಸುವಂಥದು. ಬೆಣ್ಣೆಯಂಥ ಅಂಗಕ್ಕೆ ಹೊಲಿಗೆ ಹಾಕಬೇಕು, ಆ ಅಂಗದಿಂದ ಒಸರುವ ರಸವೋ ಮಾಂಸವನ್ನೇ ಅರಗಿಸುವಂಥದು. ಹೊಲಿಗೆ ಸ್ವಲ್ಪ ಸೋರಿದರೂ ಸುತ್ತಲಿನ ರಕ್ತನಾಳವನ್ನು ಅದು ತಿನ್ನಬಲ್ಲದು.

ಬಾಲದ ಭಾಗದ ಗೆಡ್ಡೆಯಾದರೆ ಶಸ್ತ್ರಚಿಕಿತ್ಸೆ ಅಷ್ಟು ಉದ್ದವಿಲ್ಲ. ಬಾಲವನ್ನೂ ಸಾಮಾನ್ಯವಾಗಿ ಅದರೊಂದಿಗೆ ಗುಲ್ಮವನ್ನೂ ತೆಗೆದು ಕತ್ತರಿಸಿದ ತುದಿಯನ್ನು ಮುಚ್ಚುತ್ತಾರೆ. ಕರುಳಿಗೆ ಜೋಡಿಸುವ ಕೆಲಸ ಇರುವುದಿಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ, ಏಕೆಂದರೆ ರಂಧ್ರದ ವಿಧಾನ ಸೂಕ್ತವೇ ಎಂಬ ಪ್ರಶ್ನೆಗೆ ತಲೆಗೊಂದು ಉತ್ತರ, ಬಾಲಕ್ಕೊಂದು ಉತ್ತರ.

ತೆರೆದು ಮಾಡುವಾಗ ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನ ಆಚೆಗೋ, ಪಕ್ಕೆಲುಬುಗಳ ಕೆಳಗೆ ಅಡ್ಡಲಾಗಿಯೋ ಉದ್ದನೆಯ ಗಾಯ ಮಾಡುತ್ತಾರೆ. ವೈದ್ಯರ ಕೈಬೆರಳು ಒಳಗಿನ ಅಂಗಗಳನ್ನು ಮುಟ್ಟಿ ನೋಡುತ್ತದೆ. ರಂಧ್ರದ ವಿಧಾನದಲ್ಲಿ ಐದಾರು ಸಣ್ಣ ರಂಧ್ರ ಮಾಡಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಒಂದು ರಂಧ್ರದಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣ ಇಳಿಸಿ, ಟಿ.ವಿ. ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ರೋಬಾಟ್ ಎಂದರೂ ಇದೇ ರಂಧ್ರದ ವಿಧಾನ. ಉಪಕರಣಗಳನ್ನು ಯಂತ್ರದ ತೋಳು ಹಿಡಿದಿರುತ್ತದೆ, ಆ ತೋಳನ್ನು ಪಕ್ಕದಲ್ಲಿ ಕುಳಿತ ವೈದ್ಯರೇ ಆಡಿಸುತ್ತಾರೆ. ಯಂತ್ರ ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಇನ್ನೊಂದು ಸಂಗತಿಯನ್ನು ಮೊಬೈಲಿನ ಚಿತ್ರದಲ್ಲಿ ತೋರಿಸುವುದಿಲ್ಲ. ತೆಗೆದ ಗೆಡ್ಡೆ ಆ ಸಣ್ಣ ರಂಧ್ರದಿಂದ ಹೊರಬರಲಾರದು. ಅದನ್ನು ಹೊರತೆಗೆಯಲು ಎರಡು ಮೂರು ಬೆರಳಗಲದ ಒಂದು ಗಾಯ ಹೇಗೂ ಆಗಲೇಬೇಕು.

ಎರಡರಲ್ಲೂ ಒಳಗೆ ತೆಗೆಯುವುದು ಅಷ್ಟೇ, ಜೋಡಿಸುವುದೂ ಅಷ್ಟೇ. ಬದಲಾಗುವುದು ಬಾಗಿಲು ಮಾತ್ರ.

ಹಾಗಾದರೆ ಸಣ್ಣ ಬಾಗಿಲೇ ಮೇಲಲ್ಲವೇ ಎಂದು ನೀವು ಕೇಳಬಹುದು. ಪಿತ್ತಕೋಶದ ಕಲ್ಲಿಗೆ ಅದು ನಿಜವಾಯಿತು. 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ನಮ್ಮ ದೇಶದಲ್ಲಿ ಅದನ್ನು ಆರಂಭಿಸಿದರು. ಇಂದು ತಾಲೂಕು ಊರುಗಳಲ್ಲೂ ಪಿತ್ತಕೋಶವನ್ನು ರಂಧ್ರದಿಂದಲೇ ತೆಗೆಯುತ್ತಾರೆ, ಮರುದಿನ ಮನೆಗೆ ಕಳುಹಿಸುತ್ತಾರೆ. ಪಕ್ಕದ ಮನೆಯವರಿಗೆ ಆದದ್ದನ್ನು ನೋಡಿ ನಮ್ಮವರಿಗೂ ಹಾಗೆಯೇ ಆಗಲಿ ಎಂದು ನೀವು ಬಯಸುವುದು ಸಹಜ. ಆದರೆ ಪಿತ್ತಕೋಶ ತೆಗೆಯುವುದು ಬಳ್ಳಿಯಿಂದ ಕಾಯಿ ಬಿಡಿಸಿದಂತೆ. ವಿಪಲ್ ಶಸ್ತ್ರಚಿಕಿತ್ಸೆ ಬಾವಿಯ ತಳದ ಒರತೆಯನ್ನು ಬಿಡಿಸಿ ಮತ್ತೆ ಕಟ್ಟಿದಂತೆ. ಇದನ್ನು ರಂಧ್ರದ ಮೂಲಕ ಮಾಡಿದ ಮೊದಲ ವರದಿ 1994ರಲ್ಲೇ ಕೆನಡಾದಿಂದ ಬಂತು. ಮಾಡಿದ ವೈದ್ಯರಾದ ಗ್ಯಾಗ್ನರ್ ಮತ್ತು ಪಾಂಪ್ ಅವರಿಗೇ ಆಗ ಅದರ ಲಾಭದ ಬಗ್ಗೆ ಭರವಸೆ ಇರಲಿಲ್ಲ.

ನಂತರ ಹಲವು ದೇಶಗಳಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿ ನೋಡಿದ್ದಾರೆ. ಅವುಗಳಲ್ಲಿ ಮೂರನ್ನು ಹೇಳುತ್ತೇನೆ, ಮೂರೂ ತಲೆಯ ಭಾಗದ ಶಸ್ತ್ರಚಿಕಿತ್ಸೆಯವು.

ಮೊದಲನೆಯದು ನಮ್ಮ ಪಕ್ಕದ ಕೊಯಮತ್ತೂರಿನದು. ಡಾ. ಪಳನಿವೇಲು ಅವರ ತಂಡ 64 ರೋಗಿಗಳಲ್ಲಿ ಮಾಡಿದ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರಂಧ್ರದ ಗುಂಪಿನವರು ಸುಮಾರು 7 ದಿನಕ್ಕೆ ಮನೆಗೆ ಹೋದರು, ತೆರೆದ ಗುಂಪಿನವರು 13 ದಿನಕ್ಕೆ. ಶಸ್ತ್ರಚಿಕಿತ್ಸೆಗೆ ಮಾತ್ರ ರಂಧ್ರದ ಗುಂಪಿನಲ್ಲಿ ಹೆಚ್ಚು ಹೊತ್ತು ಹಿಡಿಯಿತು. ಇದನ್ನು ಓದಿದರೆ ಯಾರಾದರೂ ರಂಧ್ರದ್ದೇ ಬೇಕೆನ್ನುತ್ತಾರೆ.

ಎರಡನೆಯದು ನೆದರ್‌ಲ್ಯಾಂಡ್ಸ್ ದೇಶದ್ದು. ಅಲ್ಲಿನ ನಾಲ್ಕು ಆಸ್ಪತ್ರೆಗಳಲ್ಲಿ, ತರಬೇತಿ ಪಡೆದ ವೈದ್ಯರೇ ಮಾಡಿದರು. ಆದರೂ ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ತೊಡಕುಗಳಿಂದ 90 ದಿನಗಳೊಳಗೆ ತೀರಿಕೊಂಡವರು ರಂಧ್ರದ ಗುಂಪಿನ 50 ಜನರಲ್ಲಿ 5, ತೆರೆದ ಗುಂಪಿನ 49 ಜನರಲ್ಲಿ 1. ಜೋಡಣೆ ಸೋರಿದ್ದು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ. ಬೇಗ ಚೇತರಿಕೆ ಎಂಬುದೂ ಕಾಣಲಿಲ್ಲ. ರಂಧ್ರದವರಿಗೆ 10 ದಿನ, ತೆರೆದವರಿಗೆ 8 ದಿನ. ಇದು 2019ರಲ್ಲಿ ಪ್ರಕಟವಾಯಿತು. ಇಷ್ಟು ಕಡಿಮೆ ಜನರಲ್ಲಿ 5 ಮತ್ತು 1 ಎಂಬ ಅಂತರ ಆಕಸ್ಮಿಕವೂ ಇರಬಹುದು. ಆದರೆ ಮುಂದುವರಿಸುವ ಧೈರ್ಯ ಅವರಿಗೆ ಆಗಲಿಲ್ಲ. ನಿಲ್ಲಿಸಿದ್ದು ಸರಿ ಎಂದೇ ನನ್ನ ಅನಿಸಿಕೆ.

ಮೂರನೆಯದು ಚೀನಾದ್ದು, 2021ರಲ್ಲಿ ಪ್ರಕಟವಾದದ್ದು. 14 ಆಸ್ಪತ್ರೆಗಳು, 656 ರೋಗಿಗಳು. ಸಾವಿನ ಪ್ರಮಾಣ ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 2. ಆಸ್ಪತ್ರೆಯ ವಾಸ 15 ದಿನ ಮತ್ತು 16 ದಿನ. ಒಂದೇ ದಿನದ ಅಂತರ. ಈ ಅಧ್ಯಯನದಲ್ಲಿ ರಂಧ್ರದ ವಿಧಾನ ಸುರಕ್ಷಿತವಾಗಿದ್ದುದಕ್ಕೆ ಒಂದು ಕಾರಣವಿದೆ: ಅಲ್ಲಿ ಕೈಹಾಕಿದ ಪ್ರತಿಯೊಬ್ಬ ವೈದ್ಯರೂ ಅದಕ್ಕೆ ಮೊದಲೇ ಇಂಥ ರಂಧ್ರದ ಶಸ್ತ್ರಚಿಕಿತ್ಸೆಯನ್ನು ಕನಿಷ್ಠ 104 ಬಾರಿ ಮಾಡಿದ್ದವರು.

ಬಾಲದ ಭಾಗಕ್ಕೆ ಇಷ್ಟು ಗೊಂದಲವಿಲ್ಲ. ಕ್ಯಾನ್ಸರ್ ಇದ್ದವರಲ್ಲೇ 12 ದೇಶಗಳಲ್ಲಿ 258 ಜನರನ್ನು ಹೋಲಿಸಿದ ಅಧ್ಯಯನ 2023ರಲ್ಲಿ ಬಂತು. ಅಂಚಿನಲ್ಲಿ ಕ್ಯಾನ್ಸರ್ ಉಳಿಯದಂತೆ ಗೆಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ರಂಧ್ರದವರಲ್ಲಿ ನೂರಕ್ಕೆ 73, ತೆರೆದವರಲ್ಲಿ 69. ಅಂದರೆ ರಂಧ್ರದಿಂದ ಮಾಡಿದರೆ ಕ್ಯಾನ್ಸರ್ ಉಳಿದುಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಾಲದ ಗೆಡ್ಡೆ ರಕ್ತನಾಳಗಳನ್ನು ಹಿಡಿದಿರದಿದ್ದರೆ, ಕೈ ಪಳಗಿದ ವೈದ್ಯರು ರಂಧ್ರದ್ದು ಆಗುತ್ತದೆ ಎಂದರೆ ನಿಶ್ಚಿಂತೆಯಿಂದ ಒಪ್ಪಿರಿ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿವೃತ್ತ ಮಾಸ್ತರರೊಬ್ಬರು ರಂಧ್ರದ ವಿಪಲ್ ಶಸ್ತ್ರಚಿಕಿತ್ಸೆಗೆ ದಾಖಲಾದರು. ಹಿಂದಿನ ರಾತ್ರಿ ನಿದ್ದೆ ಬಾರದೆ ಕೂತಿದ್ದರು. ಅವರಿಗೆ ಧೈರ್ಯ ಹೇಳಲು ನಾನು, "ರಂಧ್ರದ್ದೇ ಅಲ್ಲವೇ ಅಜ್ಜಾ, ಐದು ದಿನಕ್ಕೆ ಮನೆಗೆ ಹೋಗ್ತೀರಿ" ಎಂದುಬಿಟ್ಟೆ. ವೈದ್ಯರು ಹಾಗೆ ಹೇಳಿರಲಿಲ್ಲ. ಹೇಳಿದ್ದು ನಾನು. ಮೂರನೆಯ ದಿನ ಹೊಟ್ಟೆಯ ನಳಿಕೆಯಿಂದ ಬರುವ ದ್ರವದ ಬಣ್ಣ ಬದಲಾಯಿತು. ಪರೀಕ್ಷೆಯಲ್ಲಿ ಜೋಡಣೆ ಸೋರಿರುವುದು ತಿಳಿಯಿತು. ಆರನೆಯ ದಿನ ಬೆಳಿಗ್ಗೆ ಜ್ವರದಲ್ಲೇ ಅವರು, "ಸಿಸ್ಟರ್, ಐದು ದಿನ ಆತಲ್ಲ" ಎಂದರು. ಗದರಿದ್ದಲ್ಲ, ಲೆಕ್ಕ ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ. ಅವರ ಹೊಟ್ಟೆಯ ಮೇಲೆ ಐದು ಸಣ್ಣ ಗುರುತುಗಳಿದ್ದವು, ಚೆನ್ನಾಗಿ ಒಣಗಿದ್ದವು. ಒಳಗಿನದು ಒಣಗಿರಲಿಲ್ಲ. 34ನೆಯ ದಿನ ಮನೆಗೆ ಹೋದರು. ನಂತರ ಕಿಮೋಥೆರಪಿ ಆರಂಭಿಸಲು ಶಕ್ತಿ ಬರುವಷ್ಟರಲ್ಲಿ ಇನ್ನೂ ಬಹಳ ದಿನಗಳು ಹಿಡಿದವು. ಅಂದಿನಿಂದ ಯಾವ ರೋಗಿಗೂ ನಾನು ದಿನದ ಲೆಕ್ಕ ಕೊಟ್ಟಿಲ್ಲ. ನನ್ನ ವಿದ್ಯಾರ್ಥಿನಿಯರಿಗೂ ಕೊಡಬೇಡಿರೆಂದೇ ಕಲಿಸುತ್ತೇನೆ.

ಹಾಗಾದರೆ ನೀವು ವೈದ್ಯರನ್ನು ಕೇಳಬೇಕಾದದ್ದು ಏನು? "ರಂಧ್ರದಿಂದ ಮಾಡುತ್ತೀರಾ" ಎಂಬುದು ಎರಡನೆಯ ಪ್ರಶ್ನೆಯಾಗಲಿ. ಮೊದಲನೆಯದು: "ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂಥವು ಎಷ್ಟು ಆಗುತ್ತವೆ?" ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕವಿದೆ. ವರ್ಷಕ್ಕೆ ಸರಾಸರಿ ಒಂದಕ್ಕಿಂತಲೂ ಕಡಿಮೆ ಮೇದೋಜೀರಕದ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ 16 ಜನ ತೀರಿಕೊಂಡರೆ, 16ಕ್ಕಿಂತ ಹೆಚ್ಚು ಮಾಡುವ ಕಡೆ ತೀರಿಕೊಂಡವರು ನೂರಕ್ಕೆ 4ರಷ್ಟು. ರಂಧ್ರವೋ ತೆರೆದದ್ದೋ ಎಂಬ ವ್ಯತ್ಯಾಸ ಇದರ ಮುಂದೆ ಚಿಕ್ಕದು. ಪಳಗಿದ ಕೈ ಎಂದರೆ ಒಬ್ಬ ವೈದ್ಯರ ಕೈ ಮಾತ್ರವಲ್ಲ. ಮಧ್ಯರಾತ್ರಿ ನಳಿಕೆಯಲ್ಲಿ ಸ್ವಲ್ಪ ರಕ್ತ ಕಂಡಾಗ ಅದನ್ನು ಗುರುತಿಸುವ ದಾದಿ, ಕೂಡಲೇ ಬರುವ ರೇಡಿಯಾಲಜಿ ವೈದ್ಯರು, ರಕ್ತನಿಧಿ ಎಲ್ಲವೂ ಅದರಲ್ಲಿ ಸೇರಿವೆ. ವರ್ಷಕ್ಕೊಮ್ಮೆ ಮಾಡುವ ಕಡೆ ಇವೆಲ್ಲ ಸಿದ್ಧವಾಗಿರುವುದಿಲ್ಲ. ಕೇಳಲು ಸಂಕೋಚ ಬೇಡ. ಹೆಚ್ಚು ಮಾಡುವ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಒಂದು ಕುಟುಂಬದ ಸಂಗತಿ. ತಂದೆಗೆ ತಲೆಯ ಭಾಗದ ಗೆಡ್ಡೆ. ಮಗ ರೋಬಾಟಿನಿಂದಲೇ ಆಗಬೇಕೆಂದು ಹಟ ಹಿಡಿದು ಎರಡು ಎಕರೆ ಹೊಲ ಮಾರಲು ಮಾತುಕತೆ ನಡೆಸಿದ್ದ. ಗಿರಾಕಿ ಸಿಗುವವರೆಗೆ ತಡೆಯೋಣ ಎಂದು ಮೂರು ವಾರ ಕಳೆದಿದ್ದವು. ತಂದೆಯ ಮಾತು ಒಂದೇ: "ಹೊಟ್ಟಿ ಸೀಳಿದ್ರ ನಾ ದುಡಿಯಾಕ ಬರಂಗಿಲ್ಲಂತ, ಹೌದೇನ್ರಿ?" ಇದಕ್ಕೆ ಉತ್ತರ ಅವರಿಗೆ ಯಾರೂ ಹೇಳಿರಲಿಲ್ಲ. ತೆರೆದ ಗಾಯವಾದವರು ಆರೆಂಟು ವಾರ ಭಾರ ಎತ್ತಬಾರದು, ಗಾಯದ ಜಾಗದಲ್ಲಿ ಮುಂದೆ ಅಂಡವಾಯುವಿನಂತೆ ಕರುಳು ಉಬ್ಬುವ ಸಂಭವ ರಂಧ್ರದವರಿಗಿಂತ ಹೆಚ್ಚು, ನೋವೂ ಮೊದಲ ವಾರ ಹೆಚ್ಚು. ಇವು ನಿಜವಾದ ಅನಾನುಕೂಲಗಳು, ಅಲ್ಲಗಳೆಯುವುದಿಲ್ಲ. ಆದರೆ ದುಡಿಯುವ ಶಕ್ತಿಯನ್ನು ಹೆಚ್ಚು ಕುಗ್ಗಿಸುವುದು ಆ ಗಾಯವಲ್ಲ, ಒಳಗಿನ ಕಾಯಿಲೆ. ಕಾದರೆ ಗೆಡ್ಡೆ ರಕ್ತನಾಳವನ್ನು ಹಿಡಿಯಬಹುದು. ಆಗ ಎರಡು ಬಾಗಿಲುಗಳೂ ಮುಚ್ಚುತ್ತವೆ. ಅವರು ಕೊನೆಗೆ ವರ್ಷಕ್ಕೆ ಅನೇಕ ವಿಪಲ್ ಶಸ್ತ್ರಚಿಕಿತ್ಸೆ ಮಾಡುವ ಸರ್ಕಾರಿ ಕೇಂದ್ರವೊಂದರಲ್ಲಿ, ಯೋಜನೆಯ ಕಾರ್ಡಿನ ಮೇಲೆ, ಹೊಟ್ಟೆ ತೆರೆದೇ ಮಾಡಿಸಿಕೊಂಡರು. ಹೊಲ ಉಳಿಯಿತು. ಗಾಯದ ಹೊಲಿಗೆ ತೆಗೆಸಲು ನಮ್ಮಲ್ಲಿಗೇ ಬಂದಿದ್ದರು.

ಖರ್ಚಿನ ಮಾತು ಬಂದುದರಿಂದ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರಂಧ್ರದ ವಿಧಾನದ ಉಪಕರಣಗಳಿಗೆ, ರೋಬಾಟಿಗೆ ಮೇಲೆ ಎಷ್ಟು ಕೊಡಬೇಕಾಗುತ್ತದೆ ಎಂದು ದಾಖಲಾಗುವ ಮೊದಲೇ ಆರೋಗ್ಯಮಿತ್ರರನ್ನು ಕೇಳಿ, ಬರೆಸಿಕೊಳ್ಳಿ.

ಒಪ್ಪಿಗೆ ಪತ್ರದಲ್ಲಿ "ಅಗತ್ಯ ಬಿದ್ದರೆ ಹೊಟ್ಟೆ ತೆರೆಯಲಾಗುವುದು" ಎಂದು ಬರೆದಿರುತ್ತದೆ. ಅದನ್ನು ಓದಿ ಗಾಬರಿಯಾಗಬೇಡಿ. ರಕ್ತಸ್ರಾವ ಕಂಡಾಗ, ಗೆಡ್ಡೆ ರಕ್ತನಾಳಕ್ಕೆ ಅಂಟಿರುವುದು ಕಂಡಾಗ ಹಟ ಮಾಡದೆ ತೆರೆಯುವ ವೈದ್ಯರೇ ಒಳ್ಳೆಯ ವೈದ್ಯರು. ಹೊರಗೆ ಕಾಯುತ್ತಿರುವ ನೀವು ಅದನ್ನು ಸೋಲೆಂದು ತಿಳಿಯಬೇಡಿ, ರೋಗಿಗೂ ಹಾಗೆ ಹೇಳಬೇಡಿ.

ಇನ್ನು ತಯಾರಿ. ಇದು ಎರಡೂ ವಿಧಾನಕ್ಕೆ ಒಂದೇ. ತಂಬಾಕು, ಬೀಡಿ, ಗುಟಕಾ ಇಂದೇ ಬಿಡಿ. ಬಾಲದೊಂದಿಗೆ ಗುಲ್ಮ ತೆಗೆಯುವುದಿದ್ದರೆ ನ್ಯುಮೋನಿಯಾ ಮುಂತಾದ ಸೋಂಕುಗಳ ವಿರುದ್ಧ ಲಸಿಕೆ ಹಾಕಿಸಬೇಕು, ಸಾಧ್ಯವಾದರೆ ಎರಡು ವಾರ ಮುಂಚೆ. ಇದನ್ನು ನಮ್ಮಲ್ಲೇ ಮುಗಿಸಿಕೊಂಡು ಹೋಗಬಹುದು. ಶಸ್ತ್ರಚಿಕಿತ್ಸೆಯ ದಿನ ಊಟ, ಪ್ರಸಾದ, ತೀರ್ಥ ಯಾವುದನ್ನೂ ವೈದ್ಯರು ಹೇಳಿದ ಸಮಯದ ನಂತರ ಕೊಡಬೇಡಿ. ಪ್ರೀತಿಯಿಂದ ಬಾಯಿಗಿಟ್ಟ ಒಂದು ಚೂರು ಪ್ರಸಾದದಿಂದ ಶಸ್ತ್ರಚಿಕಿತ್ಸೆ ಮುಂದೆ ಹೋದದ್ದನ್ನು ನಾನು ಕಂಡಿದ್ದೇನೆ.

ಇಷ್ಟಲಿಂಗದ ವಿಷಯ ಅನೇಕ ತಾಯಂದಿರು ಮೆಲ್ಲಗೆ ಕೇಳುತ್ತಾರೆ. ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುವುದರಿಂದ ಮೈಮೇಲೆ ಲೋಹವಿದ್ದರೆ ಅಲ್ಲಿ ಸುಡುವ ಅಪಾಯವಿದೆ. ಬೆಳ್ಳಿಯ ಕರಡಿಗೆ, ತಾಳಿ, ಕಾಲುಂಗುರ, ಮೂಗುತಿ ಎಲ್ಲವನ್ನೂ ತೆಗೆಯಬೇಕು. ಬೆಳಿಗ್ಗೆ ಪೂಜೆ ಮುಗಿಸಿ ಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಮನೆಯವರ ಕೈಗೆ ಕೊಡಿ. ಮೈಮೇಲೆಯೇ ಇರಬೇಕೆನ್ನುವವರು ಹಿಂದಿನ ದಿನವೇ ಅರಿವಳಿಕೆ ವೈದ್ಯರನ್ನು ಕೇಳಿ. ಲೋಹವಿಲ್ಲದೆ ಬಟ್ಟೆಯಲ್ಲಿ ಕಟ್ಟಿಕೊಳ್ಳಲು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಆಪರೇಷನ್ ಕೋಣೆಯ ಬಾಗಿಲಲ್ಲಿ ಈ ಚರ್ಚೆ ಬೇಡ.

ಶಸ್ತ್ರಚಿಕಿತ್ಸೆಯ ನಂತರ ರಂಧ್ರದವರಿಗೆ ಭುಜದ ತುದಿಯಲ್ಲಿ ಒಂದೆರಡು ದಿನ ನೋವು ಬರುತ್ತದೆ. ಅದು ಒಳಗೆ ತುಂಬಿದ ಅನಿಲದಿಂದ, ಹೃದಯದ ನೋವೆಂದು ಹೆದರಬೇಡಿ, ಆದರೆ ದಾದಿಗೆ ಹೇಳಿ. ತೆರೆದವರು ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಹಿಡಿಯಬೇಕು. ಮೂರು ಚೆಂಡಿನ ಉಸಿರಾಟದ ಉಪಕರಣವನ್ನು ಇಬ್ಬರೂ ಊದದೆ, ಒಳಗೆಳೆದುಕೊಳ್ಳಬೇಕು. ಮರುದಿನವೇ ಎಬ್ಬಿಸಿ ಕೂರಿಸಿದರೆ ದಾದಿಯರ ಮೇಲೆ ಸಿಟ್ಟಾಗಬೇಡಿ.

ಮನೆಗೆ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಊಟ. ಮಲ ಜಿಡ್ಡಾಗಿ ನೀರಿನ ಮೇಲೆ ತೇಲಿದರೆ ಜೀರ್ಣರಸ ಸಾಲುತ್ತಿಲ್ಲವೆಂದು ಅರ್ಥ, ಊಟದ ಜೊತೆ ಅದರ ಕ್ಯಾಪ್ಸೂಲ್ ಕೊಡುತ್ತಾರೆ. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ: ಆ ಔಷಧಿ ಸಾಮಾನ್ಯವಾಗಿ ಹಂದಿಯ ಮೇದೋಜೀರಕದಿಂದ ತಯಾರಾಗುತ್ತದೆ. ಇದು ತಿಳಿದ ಕೂಡಲೇ ಕೆಲವರು ಯಾರಿಗೂ ಹೇಳದೆ ನಿಲ್ಲಿಸಿ, ಎರಡು ತಿಂಗಳಲ್ಲಿ ಎಲುಬು ಹಂದರವಾಗಿ ಬರುತ್ತಾರೆ. ನಿಮ್ಮ ಮನಸ್ಸಿಗೆ ಒಪ್ಪದಿದ್ದರೆ ಮಠದ ಹಿರಿಯರನ್ನು ಕೇಳಿಕೊಳ್ಳಿ, ವೈದ್ಯರನ್ನು ಕೇಳಿ, ನಮ್ಮನ್ನು ಕೇಳಿ. ಹೇಳದೆ ಮಾತ್ರ ಬಿಡಬೇಡಿ. ಹಾಗೆಯೇ ಕಿಮೋಥೆರಪಿ. ಗಾಯ ಒಣಗಿತು, ಇನ್ನೇಕೆ ಎಂದು ತಪ್ಪಿಸುವವರು ಬಹಳ. ಎರಡರಲ್ಲಿ ಯಾವ ವಿಧಾನದಿಂದ ಗೆಡ್ಡೆ ತೆಗೆದಿದ್ದರೂ ಆ ಔಷಧಿ ಬೇಕೇ ಬೇಕಾಗುತ್ತದೆ.

ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಮತ್ತೆ ಹಳದಿಯಾಗುವ ಕಣ್ಣು, ನಳಿಕೆಯಲ್ಲಿ ಅಥವಾ ಮಲದಲ್ಲಿ ರಕ್ತ, ಕಪ್ಪು ಮಲ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಬನ್ನಿ. ತುರ್ತು ವಿಭಾಗದ ಬಾಗಿಲು ರಾತ್ರಿಯೂ ತೆರೆದಿರುತ್ತದೆ. ಬರುವಾಗ ಸಿ.ಟಿ. ಫಿಲ್ಮುಗಳನ್ನೂ ಬಿಡುಗಡೆ ಪತ್ರವನ್ನೂ ತನ್ನಿ. ಎಷ್ಟೋ ಜನ ಅವನ್ನು ಟ್ರಂಕಿನಲ್ಲಿಟ್ಟು ಬರಿಗೈಯಲ್ಲಿ ಬರುತ್ತಾರೆ.